ಷಡ್ಡಕನ ಹಳೇ ಕಾರು, ನನ್ನ ಹೊಸ ಪವರ್

"ಇನ್ನು ಮೇಲೆ ಈ ಏರಿನಲ್ಲಿ ನನ್ನನ್ನ ಹಿಂದೆ ಹಾಕೋ ಗಂಡಸು ಹುಟ್ಟಿ ಬರಬೇಕು!"

ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ. ಬಾಯಿ ತುಂಬ ನೊರೆ ಇದ್ದದ್ದರಿಂದ ಘೋಷಣೆಯ ಅರ್ಧಭಾಗ ಕನ್ನಡಿಗೆ ಸಿಡಿಯಿತು. ಉಳಿದರ್ಧ ಹೆಂಡತಿಯ ಕಿವಿಗೆ ಬಿತ್ತು.

"ಹುಟ್ಟಿ ಬರೋದೇನು ಬಂತು, ಆಗಲೇ ಹುಟ್ಟಿ ದೊಡ್ಡವರಾಗಿದ್ದಾರೆ," ಎಂದಳು ಅವಳು ಟವೆಲ್ ಮಡಿಸುತ್ತಾ. "ಮೊನ್ನೆ ಸೈಕಲ್‌ನವನೊಬ್ಬ ನಮ್ಮನ್ನ ಹಿಂದೆ ಹಾಕ್ಕೊಂಡು ಹೋದ. ಅವನ ಬೆನ್ನ ಹಿಂದೆ ಹಾಲಿನ ಕ್ಯಾನ್ ಬೇರೆ ಇತ್ತು."

"ಅದಕ್ಕೇ ಹೇಳ್ತಿರೋದು. ಆ ಕಾಲ ಮುಗೀತು!"

"ಮೊದ್ಲು ಕನ್ನಡಿ ಒರೆಸಿ. ಆಮೇಲೆ ಕಾಲ ಮುಗಿಸೋರಂತೆ."

ಆ ಏರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆ ಏರಿನ ಬುಡದಲ್ಲಿದೆ. ತುದಿಯಲ್ಲಿ ದೊಡ್ಡಾಸ್ಪತ್ರೆ. ಅಲ್ಲಿನ ಆಪರೇಷನ್ ಥಿಯೇಟರಿಗೆ ನನ್ನ ಹೆಂಡತಿ ಮುಖ್ಯ ನರ್ಸ್. ಆಸ್ಪತ್ರೆಗಿಂತ ಸ್ವಲ್ಪ ಕೆಳಗೆ, ಏರಿನ ಮಧ್ಯದಲ್ಲಿ ಲಾಂಡ್ರಿ ಕಾರ್ಖಾನೆ. ಅಲ್ಲಿ ನಾನು ಸೂಪರ್‌ವೈಸರ್. ಆಸ್ಪತ್ರೆಯ ಹಾಸಿಗೆ ಬಟ್ಟೆ, ರೋಗಿಗಳ ಅಂಗಿ, ಡಾಕ್ಟರುಗಳ ಗೌನು, ಎಲ್ಲವೂ ಕೊಳೆಯಾಗಿ ನಮ್ಮಲ್ಲಿಗೆ ಇಳಿದು ಬಂದು, ಬೆಳ್ಳಗಾಗಿ ಮತ್ತೆ ಹತ್ತಿ ಹೋಗುತ್ತವೆ. ಒಟ್ಟಿನಲ್ಲಿ ಅವಳು ಎತ್ತರದಲ್ಲಿದ್ದಾಳೆ, ನಾನು ಅರ್ಧದಾರಿಯಲ್ಲಿದ್ದೇನೆ. ಇದರಲ್ಲಿ ವ್ಯಂಗ್ಯವೇನೂ ಇಲ್ಲ, ರಸ್ತೆ ಇರುವುದೇ ಹಾಗೆ.

ಕಾರಿನ ವಿಷಯವನ್ನೂ ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಡೀಸೆಲ್ಲಿನ ಪುಟ್ಟ ಹ್ಯಾಚ್‌ಬ್ಯಾಕು, ಸೆಕೆಂಡ್ ಹ್ಯಾಂಡು. ಸೆಕೆಂಡ್ ಹ್ಯಾಂಡ್ ಅನ್ನುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಫಸ್ಟ್ ಹ್ಯಾಂಡು ಯಾರದಾಗಿತ್ತು ಅನ್ನುವುದರಲ್ಲಿದೆ. ಅದು ನನ್ನ ಷಡ್ಡಕನದಾಗಿತ್ತು! ಹೆಂಡತಿಯ ಅಕ್ಕನ ಗಂಡ. ಏರಿನ ಮೇಲೆ, ಆಸ್ಪತ್ರೆಯಾಚೆ, ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಅವನು ಆನೆಗಾತ್ರದ ಹೊಸ ಬಿಳಿ ಕಾರು ಕೊಂಡಾಗ ಹಳೆಯದು ನನ್ನ ಪಾಲಿಗೆ ಬಂತು.

ಕಾರೇನೋ ಬಂತು, ಆದರೆ ಷಡ್ಡಕ ಅದನ್ನು ಬಿಟ್ಟುಕೊಡಲಿಲ್ಲ. ದಿನಾ ಬೆಳಿಗ್ಗೆ ನಾನು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಏರು ಹತ್ತುವಾಗ ಪಕ್ಕಕ್ಕೆ ಬರುತ್ತಾನೆ. ಕಿಟಕಿ ಇಳಿಸುತ್ತಾನೆ. "ಏನಪ್ಪಾ, ನಮ್ಮ ಗಾಡಿ ಹೇಗಿದೆ?" ಎನ್ನುತ್ತಾನೆ. ನಮ್ಮ ಗಾಡಿ! ನಾನೊಂದು ಖಾರವಾದ ಉತ್ತರ ಹುಡುಕುವಷ್ಟರಲ್ಲಿ ತಿರುವು ದಾಟಿರುತ್ತಾನೆ. ಹೀಗೆ ನನ್ನ ಒಳ್ಳೊಳ್ಳೆಯ ಉತ್ತರಗಳೆಲ್ಲ ಅವನ ಹಿಂದಿನ ದೀಪಗಳ ಪಾಲಾಗಿವೆ.

ಅತ್ತೆಯ ಮನೆಯಲ್ಲೂ ಇದೇ ಕತೆ. ಅವನು ಬಂದರೆ ಸೋಫಾ ಖಾಲಿಯಾಗುತ್ತದೆ. ನಾನು ಬಂದರೆ "ಆ ಸ್ಟೂಲ್ ಎಳ್ಕೊಳ್ಳಿ" ಅನ್ನುತ್ತಾರೆ. ಒಮ್ಮೆ ಕಾಫಿ ಅರ್ಧ ಕುಡಿದಿದ್ದೆ, ಆ ಸ್ಟೂಲಿನಿಂದಲೂ ಎಬ್ಬಿಸಿ, ಅದರ ಮೇಲೇ ಹತ್ತಿಸಿ, ಬಲ್ಬ್ ಹಾಕಿಸಿಕೊಂಡರು. ಷಡ್ಡಕ ಸೋಫಾದಲ್ಲಿ ಒರಗಿ, "ಎಡಕ್ಕಲ್ಲಪ್ಪಾ, ಬಲಕ್ಕೆ ತಿರುಗಿಸು" ಎಂದು ಮಾರ್ಗದರ್ಶನ ಮಾಡಿದ. ಬಲ್ಬ್ ಹತ್ತಿದಾಗ ಎಲ್ಲರೂ ಅವನ ಕಡೆ ನೋಡಿ ಮೆಚ್ಚಿಕೊಂಡರು!

ಇದಕ್ಕೆಲ್ಲ ಒಂದೇ ಮದ್ದು ಅಂತ ಆ ಭಾನುವಾರ ನನಗೆ ಹೊಳೆದದ್ದು ಪವರ್. ಮನೆಯಲ್ಲಿ ಸಿಗದ, ಆಫೀಸಿನಲ್ಲಿ ಸಿಗದ ಪವರ್ರು ಕಾಲ ಕೆಳಗಾದರೂ ಇರಲಿ!

ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಒಬ್ಬ ಮಹಾಪುರುಷನಿದ್ದ. ಟರ್ಬೋ ಮೇಷ್ಟ್ರು ಅಂತ ಅವನ ಹೆಸರು ಏರಿನ ಕೆಳಗೂ ಮೇಲೂ ಪ್ರಸಿದ್ಧ. ಮೈಮೇಲೆ ಒಂದು ಹನಿ ಗ್ರೀಸ್ ಇರಲಿಲ್ಲ. ಸ್ಪ್ಯಾನರ್ ಇರಬೇಕಾದ ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು. ಸ್ಟೀರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ನಾಡಿ ಹಿಡಿದವನ ಹಾಗೆ ಕಣ್ಣು ಮುಚ್ಚಿದ.

"ಸಾರ್, ಒಳಗೆ ಬೇಕಾದಷ್ಟು ಶಕ್ತಿ ಇದೆ," ಎಂದ.

"ನನ್ನೊಳಗಾ?"

"ಗಾಡಿಯೊಳಗೆ ಸಾರ್. ಆದ್ರೆ ತಯಾರು ಮಾಡಿದೋರು ಕಟ್ಟಿಹಾಕಿದ್ದಾರೆ. ಇಷ್ಟೇ ಡೀಸೆಲ್ ಕುಡಿ, ಇಷ್ಟೇ ಗಾಳಿ ತಗೋ, ಇಷ್ಟೇ ಓಡು ಅಂತ ಇಂಜಿನ್ನಿನ ಕಂಪ್ಯೂಟರೊಳಗೆ ಬರೆದುಬಿಟ್ಟಿದ್ದಾರೆ. ಪಾಪ, ಜೀವಮಾನವೆಲ್ಲ ಅರ್ಧ ಶಕ್ತೀಲೇ ದುಡ್ಕೊಂಡು ಬಂದಿದೆ. ಯಾರೂ ಗುರುತಿಸಿಲ್ಲ."

ನನ್ನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷಗಳಲ್ಲಿ ನನ್ನನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಯಾರೂ ಇರಲಿಲ್ಲ.

"ಬಿಚ್ಚಿಬಿಡಿ ಮೇಷ್ಟ್ರೇ!" ಎಂದೆ.

"ಹಾಗಾದ್ರೆ ಸ್ಟೇಜ್ ಒನ್ ಮಾಡೋಣ. ಡೀಸೆಲ್ ಜಾಸ್ತಿ, ಗಾಳಿ ಜಾಸ್ತಿ, ಪವರ್ ಜಾಸ್ತಿ. ಸ್ವಲ್ಪ ಹೊಗೆ ಬರಬಹುದು. ಬಂದ್ರೆ ಹೆದರ್ಕೋಬೇಡಿ. ಆಕ್ಸಿಲರೇಟರ್ ಒತ್ತಿ ಹಿಡೀರಿ, ಗಂಟಲು ಕ್ಲಿಯರ್ ಆಗುತ್ತೆ."

"ಹಳೇ ಗಾಡಿ. ತಡ್ಕೊಳ್ಳುತ್ತಾ?"

"ಹಳೇದು ಅಂದ್ರೇನೇ ಗಟ್ಟಿ ಸಾರ್!"

ಹಳೆಯದೆಲ್ಲ ಗಟ್ಟಿ ಎಂದು ಯಾರಾದರೂ ಹೇಳಿದರೆ ತಕ್ಷಣ ನಂಬುವ ವಯಸ್ಸು ನನ್ನದು. ನಂಬಿದೆ. ಲ್ಯಾಪ್‌ಟಾಪಿನ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ತೆವಳಿತು. ಅಷ್ಟೇ, ನನ್ನ ಬಂಧವಿಮೋಚನೆಯಾಯಿತು.

ಮನೆಗೆ ಓಡಿಬಂದು ಹೆಂಡತಿಗೆ ಸುದ್ದಿ ಕೊಟ್ಟೆ. "ಸ್ಟೇಜ್ ಒನ್ ಅಂತೆ!"

ಅವಳ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. ಮುಖ ಬಿಳಿಚಿಕೊಂಡಿತು. "ಯಾರಿಗೆ? ಎಲ್ಲಿ? ಯಾವ ಡಾಕ್ಟರು ಹೇಳಿದ್ರು?"

"ಕಾರಿಗೆ ಕಣೇ!"

"ಥೂ ನಿಮ್ಮ! ಆಸ್ಪತ್ರೇಲಿ ಕೆಲಸ ಮಾಡೋರ ಮುಂದೆ ಹಾಗೆಲ್ಲ ಬಂದು ಕೂಗಬಾರ್ದು. ಎದೆ ಧಸಕ್ ಅಂತು." ಸೆರಗಿನಿಂದ ಹಣೆ ಒರೆಸಿಕೊಂಡಳು. "ಏನ್ ಮಾಡ್ಸಿದ್ರಿ ಅದಕ್ಕೆ?"

"ಟಾರ್ಕ್ ಜಾಸ್ತಿ ಮಾಡ್ಸಿದೆ."

"ಅಂದ್ರೆ?"

"ತಿರುಚೋ ಶಕ್ತಿ."

"ನೀವು ಮಾತು ತಿರುಚೋದು ಸಾಲ್ದು ಅಂತ ಇದೂ ಒಂದಾ?"

ಮರುದಿನ ಬೆಳಿಗ್ಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉದ್ಘಾಟನೆಗೆ ಹೊರಟೆ. ಕಾರು ಇನ್ನೂ ಕಾಂಪೌಂಡಿನೊಳಗೇ ಇತ್ತು. ಇಳಿದು ಗೇಟು ತೆಗೆಯಲು ಹೊರಟ ಅವಳನ್ನು "ಇರು, ಮೊದ್ಲು ಸದ್ದು ಕೇಳು" ಎಂದು ತಡೆದೆ. ಕ್ಲಚ್ಚಿನ ಮೇಲಿಂದ ಕಾಲು ಕೂದಲೆಳೆಯಷ್ಟು ಜಾರಿತು. ಕಾರು ಕಪ್ಪೆಯಂತೆ ನೆಗೆಯಿತು! ಗೇಟು ತಾನೇ ತೆರೆದುಕೊಂಡಿತು. ಬೇಸರದ ಸಂಗತಿಯೆಂದರೆ ಅದು ಒಳಕ್ಕೆ ತೆರೆಯುವ ಗೇಟು, ಅವತ್ತು ಹೊರಕ್ಕೆ ತೆರೆಯಿತು. ಅವಳ ತೊಡೆಯ ಮೇಲಿದ್ದ ಊಟದ ಡಬ್ಬಿ ಹಾರಿ, ಮುಚ್ಚಳ ಬಿಚ್ಚಿ, ಮೊಸರು ಡ್ಯಾಶ್‌ಬೋರ್ಡಿಗೆಲ್ಲ ಸುಣ್ಣ ಬಳಿಯಿತು.

"ನೋಡ್ದ್ಯಾ ಪವರ್?" ಎಂದೆ, ಧ್ವನಿ ನಡುಗದ ಹಾಗೆ.

"ನೋಡ್ದೆ. ರುಚೀನೂ ನೋಡ್ದೆ," ಎಂದು ತುಟಿಯ ಮೇಲಿನ ಮೊಸರು ಒರೆಸಿಕೊಂಡಳು. ಬಾಗಿಲು ತೆಗೆದು ಇಳಿದಳು. ಬಿದ್ದ ಗೇಟನ್ನು ದಾಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಹಿಂತಿರುಗಿ ನೋಡಲಿಲ್ಲ.

ಅವತ್ತಿನಿಂದ ಅವಳು ಬಸ್ಸಿನಲ್ಲಿ, ನಾನು ಕಾರಿನಲ್ಲಿ. ಒಂದೇ ಏರು, ಒಂದೇ ಹೊತ್ತು. ಬಸ್ಸನ್ನು ನಾನು ಹಿಂದೆ ಹಾಕುವಾಗ ಕಿಟಕಿ ಪಕ್ಕ ಕೂತ ಅವಳಿಗೆ ಕೈ ಬೀಸುತ್ತಿದ್ದೆ. ಅವಳು ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದಳು. ಅಲ್ಲಿ ನೋಡುವಂಥದ್ದು ಏನೂ ಇಲ್ಲ, ಬರೀ ಗೋಡೆ. ಆದರೂ ನನಗಿಂತ ಅದೇ ವಾಸಿ ಅನ್ನಿಸಿರಬೇಕು.

ಹೀಗಿರುವಾಗ ಒಂದು ಸಂಜೆ ಅವಳೇ ಮಾತಿಗೆ ಬಂದಳು.

"ಅಮ್ಮನ ಮಂಡಿ ಆಪರೇಷನ್‌ಗೆ ದಿನ ಸಿಕ್ತು ರೀ. ನಾನು ಸರ್ಜನ್ ಹಿಂದೆ ತಿಂಗಳುಗಟ್ಟಲೆ ಓಡಾಡಿ, ಹಲ್ಲುಗಿಂಜಿ ಗಿಟ್ಟಿಸಿರೋ ದಿನ. ಅಕ್ಕ, ಭಾವ ಬಾಯಲ್ಲಿ ಹೇಳ್ತಾ ಇದ್ರು, ಮಾಡಿದ್ದು ನಾನು. ಡಿಸ್ಚಾರ್ಜ್ ಆದ ದಿನ ಅಮ್ಮನ್ನ ನಮ್ಮ ಮನೆಗೇ ಕರ್ಕೊಂಡು ಬರ್ತೀನಿ. ಭಾವನ ಕಾರಲ್ಲಲ್ಲ, ನಮ್ಮ ಕಾರಲ್ಲಿ."

"ಅದಕ್ಕೇನಂತೆ!"

"ಅದಕ್ಕೇನು ಅಂದ್ರೆ, ಹೊಸ ಮಂಡಿ ಇಟ್ಕೊಂಡಿರೋ ಹೆಂಗಸನ್ನ ಕಪ್ಪೆ ಮೇಲೆ ಕೂರಿಸೋಕಾಗಲ್ಲ. ಅದನ್ನ ಮೊದ್ಲಿದ್ದ ಹಾಗೇ ಮಾಡ್ಸಿಡಿ. ಇದೊಂದು ಮಾಡಿ ಸಾಕು."

ನಮ್ಮ ಕಾರು ಅಂದಿದ್ದಳು ಅವಳು. ಆ ಮಾತಿಗೇ ನಾನು ಕರಗಿಹೋಗಬೇಕಿತ್ತು. ಕರಗಿದೆ ಕೂಡ, ಮೇಷ್ಟ್ರ ಶೆಡ್ಡಿನವರೆಗೆ.

"ಹಳೇ ಪ್ರೋಗ್ರಾಂ ವಾಪಸ್ ಹಾಕ್ಬೇಕಾ? ಅದೆಲ್ಲಿದೆ ಸಾರ್?" ಎಂದ ಟರ್ಬೋ ಮೇಷ್ಟ್ರು, ನಾನು ಕಳೆದ ಜನ್ಮದ ಚಪ್ಪಲಿ ಕೇಳಿದೆನೇನೋ ಎಂಬ ಹಾಗೆ. "ಹೊಸದು ಬಂದ ಮೇಲೆ ಹಳೇದನ್ನ ಯಾರಾದ್ರೂ ಇಟ್ಕೋತಾರಾ? ಅಳಿಸಿಬಿಟ್ಟೆ. ಬೇಕಾದ್ರೆ ಸ್ಟೇಜ್ ಟೂ ಮಾಡ್ಕೊಡ್ತೀನಿ."

ಸಂಜೆ ಹೆಂಡತಿ ಕೇಳಿದಳು. "ಮಾಡ್ಸಿದ್ರಾ?"

"ಹೂಂ," ಎಂದೆ.

ನಿಜ ಹೇಳಲು ನಾಲ್ಕಾರು ವಾಕ್ಯ ಬೇಕಿತ್ತು, ಸುಳ್ಳಿಗೆ ಒಂದಕ್ಷರ ಸಾಕಾಯಿತು. ಅದಕ್ಕಿಂತ ದೊಡ್ಡ ನಿಜ ಇನ್ನೊಂದಿತ್ತು. ಬೇರೆ ಯಾರಾದರೂ ಸರಿಮಾಡುತ್ತಾರೇನೋ ಎಂದು ನಾನು ವಿಚಾರಿಸಲೂ ಹೋಗಲಿಲ್ಲ. ಷಡ್ಡಕ ಟೈಲ್ಸ್ ಖರೀದಿಗೆಂದು ಪರಊರಿಗೆ ಹೋಗಿದ್ದ. ಅವನನ್ನು ಒಂದೇ ಒಂದು ಸಲ ಹಿಂದೆ ಹಾಕದೆ ಆ ಪವರ್ರನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಆಪರೇಷನ್ ದಿನ ಬಂತು. ಅತ್ತೆಯನ್ನು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿದ್ದರು. ಹೆಂಡತಿ ಬೆಳಗಾಗುವ ಮೊದಲೇ ಬಸ್ ಹಿಡಿದಿದ್ದಳು. ನಾನು ಎಂದಿನಂತೆ ಲಾಂಡ್ರಿಗೆ ಹೊರಟೆ. ಏರಿಗೆ ತಿರುಗಿದರೆ, ಎದುರಿಗೇ ಬಿಳಿ ಆನೆ! ಷಡ್ಡಕ ಊರಿಗೆ ಬಂದಿದ್ದ. ಅತ್ತೆಯನ್ನು ನೋಡಲು ಆಸ್ಪತ್ರೆಗೆ ಹೊರಟಿದ್ದ.

ಮೂರನೇ ಗೇರಿಗೆ ಹಾಕಿ ಒತ್ತಿದೆ. ಅಬ್ಬಬ್ಬಾ, ಏನು ಹೇಳಲಿ! ಸೀಟು ಬೆನ್ನಿಗೆ ಗುದ್ದಿತು. ಇಂಜಿನ್ ಹೂಂಕರಿಸಿತು. ರಸ್ತೆ ಪಕ್ಕದ ಮರಗಳು ದಡಬಡಿಸಿ ಹಿಂದಕ್ಕೆ ಓಡಿದವು. ನನ್ನನ್ನು ನೋಡಿ ಯಾರಾದರೂ ದಾರಿ ಬಿಟ್ಟದ್ದು ಅದೇ ಮೊದಲು. ಷಡ್ಡಕನ ಹಿಂದಿನ ದೀಪ ಬಂತು, ಹಿಂದಿನ ಬಾಗಿಲು ಬಂತು, ಮುಂದಿನ ಬಾಗಿಲು ಬಂತು, ಆಮೇಲೆ ಸಾಕ್ಷಾತ್ ಷಡ್ಡಕನೇ ಬಂದ! ಕಿಟಕಿ ಇಳಿಸಿದೆ. ಹಾರ್ನ್ ಹೊಡೆದೆ. ಬಚ್ಚಲಮನೆಯಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿದ್ದ ವಾಕ್ಯವನ್ನು ಕಂಠ ಹರಿಯುವಂತೆ ಕೂಗಿದೆ.

"ಏನ್ ಷಡ್ಡಕರೇ, ಹೇಗಿದೆ ನಿಮ್ಮ ಗಾಡಿ?"

ಅವನು ನೋಡಲಿಲ್ಲ. ಕಿವಿಗೆ ಫೋನ್ ಒತ್ತಿಕೊಂಡು, ಕತ್ತು ಆ ಕಡೆ ತಿರುಗಿಸಿ, ಯಾರಿಗೋ ಬಚ್ಚಲಮನೆ ಟೈಲ್ಸಿನ ಬಣ್ಣ ವರ್ಣಿಸುತ್ತಿದ್ದ!

ಹೋಗಲಿ, ಮುಂದೆ ಹೋಗಿ ಎದುರಿಗೆ ಕಾಣಿಸಿಕೊಳ್ಳೋಣ ಎಂದು ಕಾಲನ್ನು ಇನ್ನೂ ಅದುಮಿ ಅವನನ್ನು ದಾಟಿದೆ.

ಪಟ್!

ಆಮೇಲೆ ತಿಳಿದದ್ದು ಇಷ್ಟು. ಇಂಜಿನ್ನಿಗೆ ಗಾಳಿ ಸಾಗಿಸುವ ಹಳೇ ರಬ್ಬರ್ ಪೈಪು ಹೊಸ ಒತ್ತಡ ತಾಳದೆ ಸೀಳಿತ್ತು. ಗಾಳಿಯೆಲ್ಲ ಹೊರಗೆ ಸೋರಿತು. ಮೇಷ್ಟ್ರ ಪ್ರೋಗ್ರಾಂ ಮಾತ್ರ ಏನೂ ಆಗಿಲ್ಲವೆಂಬಂತೆ ಡೀಸೆಲ್ ಸುರಿಯುತ್ತಲೇ ಇತ್ತು. ಗಾಳಿಯಿಲ್ಲದೆ ಉರಿದ ಡೀಸೆಲ್ಲು ಏನಾಗುತ್ತದೆ? ಮಸಿಯಾಗುತ್ತದೆ. ಅಪ್ಪಟ, ಕಡುಗಪ್ಪು ಮಸಿ!

ಕನ್ನಡಿಯಲ್ಲಿ ಷಡ್ಡಕ ಕಾಣಲಿಲ್ಲ. ರಸ್ತೆ ಕಾಣಲಿಲ್ಲ. ನಾನು ಬಿಟ್ಟು ಬಂದ ಜಗತ್ತೇ ಕಾಣಲಿಲ್ಲ. ಕಾರಿನ ಶಕ್ತಿಯೆಲ್ಲ ಬಸಿದುಹೋಗಿ, ಸ್ಟೇಜ್ ಒನ್ನಿಗೆ ಮೊದಲಿದ್ದದ್ದಕ್ಕಿಂತ ನಿಧಾನವಾಯಿತು. ಗೆದ್ದದ್ದು ಒಬ್ಬರಿಗೂ ತಿಳಿಯಲಿಲ್ಲ, ಸೋಲು ಮಾತ್ರ ಆಕಾಶದ ತುಂಬ ಹರಡಿತು. ಇನ್ನೇನು ಹೊಗೆಯೊಳಗಿಂದ ಷಡ್ಡಕ ಹೊರಬಂದು, ಕಿಟಕಿ ಇಳಿಸಿ, ಆ ಪ್ರಶ್ನೆ ಕೇಳುತ್ತಾನೆ!

ಎಡಕ್ಕೆ ಲಾಂಡ್ರಿಯ ಗೇಟು ತೆರೆದಿತ್ತು. ಸರಕ್ಕನೆ ಒಳಗೆ ನುಗ್ಗಿದೆ. ಹೊಗೆ ರಸ್ತೆ ಕಡೆಗೆ ಹೋದರೆ ಅವನಿಗೆ ಗುರುತು ಸಿಗುತ್ತದಲ್ಲ? ನನ್ನ ಬುದ್ಧಿ ಚುರುಕಾಯಿತು. ಕಾರಿನ ಮುಖ ರಸ್ತೆಗೆ, ಬಾಲ ಒಳಕ್ಕೆ ಇರುವಂತೆ ತಿರುಗಿಸಿ, ಗೋಡೆಯ ಮರೆಗೆ ಹಿಮ್ಮುಖವಾಗಿ ತಂದು ನಿಲ್ಲಿಸಿದೆ. ಬಾಲದ ಹಿಂದೆ ಏನಿದೆ ಎಂದು ನೋಡಲು ಹೊಗೆ ಬಿಡಲಿಲ್ಲ.

ಹಿಂದೆ ಇದ್ದದ್ದು ನಮ್ಮ ಬಟ್ಟೆ ತುಂಬುವ ಕಟ್ಟೆ. ಅವತ್ತಿನ ಆಪರೇಷನ್ನುಗಳಿಗೆಲ್ಲ ಬೇಕಾದ ಹಾಸು, ಹೊದಿಕೆ, ಗೌನುಗಳು ತೊಳೆದು, ಇಸ್ತ್ರಿಯಾಗಿ, ಟ್ರಾಲಿಗಳಲ್ಲಿ ಸಾಲಾಗಿ ನಿಂತಿದ್ದವು. ವ್ಯಾನಿಗೆ ಹಾಕುವ ಮೊದಲು ಕೊನೆಯ ಸಲ ನೋಡಲೆಂದು ಆಗತಾನೇ ಹೊದಿಕೆ ತೆಗೆದಿದ್ದರು.

ಆ ಗಳಿಗೆಯಲ್ಲೇ ನನಗೆ ಮೇಷ್ಟ್ರ ಉಪದೇಶ ನೆನಪಾಗಬೇಕೆ! ಹೊಗೆ ಬಂದರೆ ಒತ್ತಿ ಹಿಡೀರಿ, ಗಂಟಲು ಕ್ಲಿಯರ್ ಆಗುತ್ತೆ. ಒತ್ತಿ ಹಿಡಿದೆ. ಕನ್ನಡಿಯಲ್ಲಿ, ಕಪ್ಪು ಮೋಡದ ನಡುವೆ, ಕೈಗಳು ಎದ್ದೆದ್ದು ಆಡುತ್ತಿದ್ದವು. ಇಸ್ತ್ರಿ ಮಾಡುವ ನಮ್ಮ ಹುಡುಗಿಯರು ನನ್ನನ್ನು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡೆ. ಇನ್ನೂ ಒತ್ತಿದೆ.

ಕಿಟಕಿಗೆ ಯಾರೋ ಬಡಿದರು. ಕಪ್ಪು ಮುಖದಲ್ಲಿ ಎರಡು ಸಾಲು ಹಲ್ಲು ಮಾತ್ರ ಹೊಳೆಯುತ್ತಿದ್ದವು. ನಮ್ಮ ಮ್ಯಾನೇಜರ್! ಯಾವತ್ತೂ ನಗದ ಆ ಮನುಷ್ಯನಿಗೆ ಇಷ್ಟು ಒಳ್ಳೆಯ ಹಲ್ಲುಗಳಿವೆ ಎಂದು ಅವತ್ತೇ ನಾನು ನೋಡಿದ್ದು.

"ಆಫ್ ಮಾಡ್ರೀ ಅದನ್ನ!"

ಆಫ್ ಮಾಡಿ ಇಳಿದೆ. ಹೊಗೆ ನಿಧಾನವಾಗಿ ಎದ್ದುಹೋಯಿತು. ಟ್ರಾಲಿಗಳಲ್ಲಿ ಬಿಳಿ ಎಂಬ ಬಣ್ಣವೇ ಇರಲಿಲ್ಲ. ಮೇಲಿನ ಹಾಸನ್ನು ಎತ್ತಿ ಕೊಡವಿದೆ. ಅದರ ಮಸಿ ಹಾರಿ ಪಕ್ಕದ ಟ್ರಾಲಿಗೆ ಕೂತಿತು. ಕೈಯಿಂದ ಒರೆಸಿದೆ. ಐದು ಬೆರಳೂ ಮೂಡಿದವು. ಮನೆತನಕ್ಕೆ ಮಸಿ ಬಳಿಯುವವರನ್ನು ಕೇಳಿದ್ದೇನೆ. ಇಡೀ ಆಸ್ಪತ್ರೆಗೆ ಒಂದೇ ಏಟಿಗೆ ಬಳಿದವನು ನಾನೊಬ್ಬನೇ ಇರಬೇಕು!

ಒಳಗೆ ಫೋನ್ ಬಡಿದುಕೊಂಡಿತು. ತೆಗೆದೆ.

"ಥಿಯೇಟರಿಂದ ಮಾತಾಡ್ತಿರೋದು. ಬಟ್ಟೆ ಇನ್ನೂ ಬಂದಿಲ್ಲ. ಸೂಪರ್‌ವೈಸರ್‌ಗೆ ಕೊಡಿ."

"ನಾನೇ."

"ಸೂಪರ್‌ವೈಸರವರೇ," ಎಂದಳು ಹೆಂಡತಿ. ಡ್ಯೂಟಿಯಲ್ಲಿದ್ದಾಗ ಅವಳು ನನ್ನನ್ನು ಹಾಗೇ ಕರೆಯುವುದು. "ಮೊದಲನೇ ಕೇಸು ನಮ್ಮಮ್ಮಂದು. ಡಾಕ್ಟರು ಕೈ ತೊಳೆಯೋಕೆ ಹೊರಟಿದ್ದಾರೆ. ಬಟ್ಟೆ ಎಲ್ಲಿ?"

"ಸ್ವಲ್ಪ ಬಣ್ಣ ಬದಲಾಗಿದೆ."

"ಏನು ಬದಲಾಗಿದೆ?"

"ಬಣ್ಣ. ಹೊಗೆ ಕೂತ್ಕೊಂಡುಬಿಡ್ತು."

"ಹೊಗೇನಾ? ಬಟ್ಟೆ ಇರೋ ಜಾಗದಲ್ಲಿ? ಯಾವನ್ರೀ ಆ ಅವಿವೇಕಿ? ಯಾರು ಅಂತ ಹೇಳಿ, ಇವತ್ತು ಅವನನ್ನ ಸುಮ್ನೆ ಬಿಡಲ್ಲ ನಾನು!"

ಉತ್ತರಕ್ಕೆ ಬದಲು ನನಗೆ ಕೆಮ್ಮು ಬಂತು, ಹೊಗೆಯ ಕೆಮ್ಮು. ಅವಳಿಗೆ ಅಷ್ಟೇ ಸಾಕಾಯಿತು.

"ನೀವು ಹೂಂ ಅಂದಿದ್ರಿ," ಎಂದಳು ತುಂಬ ಮೆಲ್ಲಗೆ. ಫೋನ್ ಇಟ್ಟಳು.

ಡೀಸೆಲ್ಲಿನ ಮಸಿ ಎಣ್ಣೆಯ ಮಸಿ. ಒಂದು ಸಲ ತೊಳೆದರೆ ಹೋಗುವುದಿಲ್ಲ. ಮತ್ತೆ ಮತ್ತೆ ತೊಳೆದೆವು. ಸ್ವಲ್ಪ ಬಟ್ಟೆ ಸರಿಹೋದಾಗ ಹೊತ್ತು ನೆತ್ತಿಗೇರಿತ್ತು. ವ್ಯಾನಿನ ಜೊತೆ ನಾನೇ ಮೇಲೆ ಹೋದೆ. ಅಷ್ಟರಲ್ಲಿ ತುರ್ತು ಕೇಸುಗಳು ಬಂದು, ಅವಕ್ಕೆಂದೇ ಎತ್ತಿಟ್ಟಿದ್ದ ಬಟ್ಟೆಯೊಡನೆ ಥಿಯೇಟರ್ ಅವರ ಪಾಲಾಗಿತ್ತು. ಅತ್ತೆಯ ಆಪರೇಷನ್ ರದ್ದು! ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದೆ, ಮಂಡಿಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡು, ದೇಹವನ್ನೂ ಧೈರ್ಯವನ್ನೂ ಒಟ್ಟುಗೂಡಿಸಿಕೊಂಡು ಮಲಗಿದ್ದ ಹೆಂಗಸನ್ನು "ಇನ್ನೊಂದು ದಿನ ಹೇಳ್ತೀವಿ" ಎಂದು ಎಬ್ಬಿಸಿದ್ದರು. ಸರ್ಜನ್ ಎಲ್ಲರೆದುರಿಗೆ, ಕಿರಿಯ ನರ್ಸುಗಳೆದುರಿಗೆ, ನನ್ನ ಹೆಂಡತಿಯ ಮೇಲೆ ಹರಿಹಾಯ್ದಿದ್ದ. ಅದನ್ನು ನನಗೆ ಹೇಳಿದ್ದು ಲಿಫ್ಟಿನವನು.

ಅತ್ತೆ ಗಾಲಿಕುರ್ಚಿಯಲ್ಲಿ ಕೂತಿದ್ದರು. ಷಡ್ಡಕ ಹಿಂದೆ ನಿಂತಿದ್ದ.

"ಯಾಕಂತೆ, ಬಟ್ಟೆ ಯಾಕೆ ಬರಲಿಲ್ವಂತೆ?" ಎಂದು ಅತ್ತೆ ಕೇಳಿದರು.

"ಲಾಂಡ್ರೀಲಿ ಬಾಯ್ಲರ್ ಕೆಟ್ಟಿತ್ತಂತಮ್ಮ," ಎಂದಳು ಹೆಂಡತಿ. ನನ್ನ ಕಡೆ ನೋಡಲಿಲ್ಲ.

"ಅದು ನಿನ್ನ ಜವಾಬ್ದಾರಿ ಅಲ್ವೇನಪ್ಪಾ?" ಎಂದ ಷಡ್ಡಕ. "ಯಂತ್ರ ಅಂದ್ಮೇಲೆ ನಿಗಾ ಇಡಬೇಕು. ನನಗೂ ಇವತ್ತು ಬೆಳಿಗ್ಗೆಯಿಂದ ಎಲ್ಲ ಇದೇ ಆಯ್ತು. ಏರಿನಲ್ಲಿ ಯಾವುದೋ ಲಾರಿ ಹೊಗೆ ಉಗುಳ್ಕೊಂಡು ಹಿಂದೆ ಹಾಕ್ತು ನೋಡು, ಬಿಳೀ ಕಾರು ಬೂದಿ ಬಣ್ಣ ಆಗ್ಹೋಯ್ತು!"

ಲಾರಿ! ನನ್ನ ಪುಟ್ಟ ಹ್ಯಾಚ್‌ಬ್ಯಾಕನ್ನು ಅವನು ಲಾರಿ ಎಂದುಕೊಂಡಿದ್ದ! ಬೇರೆ ದಿನವಾಗಿದ್ದರೆ ಆ ಪ್ರಶಸ್ತಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ. ಅವತ್ತು ಬೂಟುಗಳನ್ನು ನೋಡಿಕೊಂಡು ನಿಂತೆ. ಅತ್ತೆಯನ್ನು ಅವನೇ ಎತ್ತಿ ಕಾರಿನಲ್ಲಿ ಕೂರಿಸಿಕೊಂಡು ತನ್ನ ಮನೆಗೆ ಕರೆದೊಯ್ದ. ಹೆಂಡತಿ ಬಾಗಿಲವರೆಗೆ ಹೋಗಿ ಕೈ ಬೀಸಿದಳು.

ಮನೆಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. ಸಮವಸ್ತ್ರ ಬದಲಾಯಿಸಿದಳು, ಅನ್ನಕ್ಕಿಟ್ಟಳು, ಈರುಳ್ಳಿ ಹೆಚ್ಚಿದಳು. ನನಗೆ ತಡೆಯಲಾಗಲಿಲ್ಲ.

"ಬೈದುಬಿಡೇ ನನ್ನ. ಚೆನ್ನಾಗಿ ಬೈದುಬಿಡು."

"ಯಾಕೆ? ಬೈದ್ರೆ ನಿಮಗೆ ಹಗುರಾಗುತ್ತೆ. ನಾನ್ಯಾಕೆ ಹಗುರ ಮಾಡ್ಲಿ?"

"ಬಾಯ್ಲರ್ ಅಂತ ಹೇಳಿ ನನ್ನ ಮಾನ ಉಳಿಸ್ದೆ..."

"ನಿಮ್ಮ ಮಾನಕ್ಕಲ್ಲ. ಅಮ್ಮನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ದು ನನ್ನ ಮಾನಕ್ಕೆ. ನಾನು ಎಂಥೋರ ಜೊತೆ ಬಾಳ್ತಿದ್ದೀನಿ ಅಂತ ಅಕ್ಕನ ಮನೇಲಿ ಗೊತ್ತಾಗಬಾರ್ದು ಅಂತ."

"ಷಡ್ಡಕ ಒಂದ್ಸಲ ತಿರುಗಿ ನೋಡಿದ್ರೆ ಸಾಕಿತ್ತು ಕಣೇ. ನಾನು ಅಷ್ಟಕ್ಕೇ..."

ಅವಳು ಚಾಕು ಕೆಳಗಿಟ್ಟಳು. "ಭಾವ ನಿಮ್ಮನ್ನ ನೋಡಲ್ಲ ರೀ. ಯಾವತ್ತೂ ನೋಡಿಲ್ಲ. ಅವರ ತಲೇಲಿ ನೀವು ಒಂದು ವಿಷಯಾನೇ ಅಲ್ಲ. ಇಷ್ಟು ವರ್ಷ ಈ ರೇಸಲ್ಲಿ ಓಡ್ತಿರೋದು ನೀವೊಬ್ಬರೇ."

ಈರುಳ್ಳಿ ಹೆಚ್ಚುತ್ತಿದ್ದವಳು ಅವಳು. ಕಣ್ಣಲ್ಲಿ ನೀರು ಬಂದದ್ದು ನನಗೆ.

ಲಾಂಡ್ರಿಯಲ್ಲಿ ಮ್ಯಾನೇಜರ್ ನನ್ನನ್ನು ಕರೆಸಿದರು. ಮುಖ ತೊಳೆದುಕೊಂಡಿದ್ದರು, ಕಿವಿಯ ಹಿಂದೆ ಮಾತ್ರ ಇನ್ನೂ ಮಸಿ ಇತ್ತು. "ನಿಮಗೆ ವಾಹನಗಳ ಮೇಲೆ ಭಾಳ ಪ್ರೀತಿ ಅಂತ ಕಾಣುತ್ತೆ," ಎಂದರು. "ನಾಳೆಯಿಂದ ಡೆಲಿವರಿ ವ್ಯಾನಲ್ಲೇ ಇರಿ." ಸೂಪರ್‌ವೈಸರ್ ಕುರ್ಚಿ ಹೋಯಿತು, ಟ್ರಾಲಿ ಬಂತು. ವ್ಯಾನಿನ ಡ್ರೈವರ್ ಒಳ್ಳೆಯವನೇ. ಆದರೆ ನಾನು ಮುಂದಿನ ಸೀಟಿನಲ್ಲಿ ಕೂತರೆ, "ಸಾರ್, ಕಾಲು ಸ್ವಲ್ಪ ಆ ಕಡೆ ಇಟ್ಕೊಳ್ಳಿ" ಎನ್ನುತ್ತಿದ್ದ.

ಟರ್ಬೋ ಮೇಷ್ಟ್ರ ಶೆಡ್ಡಿಗೆ ಹೋಗಿ ನೋಡಿದರೆ ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಿದ್ದರು. ಕಾರು ನಮ್ಮ ಕಾಂಪೌಂಡಿನಲ್ಲಿ ನಿಂತಿತು. ಎಷ್ಟು ತೊಳೆದರೂ ಬೆಳ್ಳಗಾಗದ ಹಾಸುಗಳನ್ನು ನನಗೇ ಕೊಟ್ಟಿದ್ದರು, ಅವನ್ನೇ ಅದಕ್ಕೆ ಮುಸುಕು ಹಾಕಿದೆ. ಗೇಟಿಲ್ಲದ ಮನೆಯಲ್ಲವೇ, ದಾರಿಯಲ್ಲಿ ಹೋಗುವವರಿಗೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಒಬ್ಬಿಬ್ಬರು ಸಾವಿನ ಮನೆಗೆ ಬಂದವರ ಹಾಗೆ ಧ್ವನಿ ತಗ್ಗಿಸಿ, ಹೇಗಾಯಿತು, ಏನಾಗಿತ್ತು ಎಂದು ವಿಚಾರಿಸಿಕೊಂಡು ಹೋದರು.

ಹೆಂಡತಿ ಮತ್ತೆ ಸರ್ಜನ್ನಿನ ಹಿಂದೆ ಅಲೆದು ಇನ್ನೊಂದು ದಿನ ಗಿಟ್ಟಿಸಿದಳು. ಹಲ್ಲುಗಿಂಜಿದ್ದು ಎರಡನೇ ಸಲವಾದ್ದರಿಂದ ಈ ಸಲ ಹೆಚ್ಚು ಗಿಂಜಬೇಕಾಯಿತಂತೆ. ಬಟ್ಟೆ ಹೊತ್ತಿಗೆ ಮೊದಲೇ ಹೋಯಿತು. ನಾನೇ ತಳ್ಳಿಕೊಂಡು ಹೋದೆ. ಆಪರೇಷನ್ ಚೆನ್ನಾಗಿ ಆಯಿತು.

ಮರುದಿನ ವಾರ್ಡಿಗೆ ಬಟ್ಟೆ ಕೊಡಲು ಟ್ರಾಲಿ ತಳ್ಳಿಕೊಂಡು ಹೊಕ್ಕೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಅತ್ತೆ ದಿಂಬಿಗೆ ಒರಗಿದ್ದರು. ಷಡ್ಡಕ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದ. ಟ್ರಾಲಿ ಹಿಡಿದ ನನ್ನನ್ನು ನೋಡಿ ಹುಬ್ಬೇರಿಸಿದ.

"ಏನಪ್ಪಾ ಇದು? ಸೂಪರ್‌ವೈಸರ್ ಆಗಿದ್ದೆಯಲ್ಲ, ಈ ಕೆಲಸ ಯಾವಾಗಿಂದ?"

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಬಾಯಿ ಬಿಟ್ಟರು.

"ನೋಡಿ, ಇವರು ನನ್ನ ಚಿಕ್ಕ ಅಳಿಯ," ಎಂದರು ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸಿಗೆ, ವಾರ್ಡಿಗೆಲ್ಲ ಕೇಳುವ ಹಾಗೆ. "ಕೈ ಕೆಳಗೆ ಎಷ್ಟು ಜನ ಇದ್ರೂ, ನನ್ನ ಹಾಸಿಗೆ ಬಟ್ಟೇನ ಇನ್ನೊಬ್ಬರ ಕೈಲಿ ಕಳಿಸಲ್ಲ. ತಾವೇ ತಂದು ಕೊಡ್ತಾರೆ. ಕೆಲವರು ಬಂದು ಕೂತು ಫೋನ್ ನೋಡ್ತಾರೆ. ಇವರು ಹಾಗಲ್ಲ."

"ಪುಣ್ಯ ಮಾಡಿದ್ರಿ ಬಿಡಿ," ಎಂದಳು ಆ ಹೆಂಗಸು.

ಷಡ್ಡಕ ಫೋನ್ ಜೇಬಿಗಿಟ್ಟ. ಕೆಮ್ಮಿದ. ಕಾರು ನಿಲ್ಲಿಸಿದ ಜಾಗ ಸರಿಯಿಲ್ಲ ಎಂದೇನೋ ಗೊಣಗಿ ಎದ್ದುಹೋದ. ಕುರ್ಚಿ ಖಾಲಿಯಾಯಿತು! ನನ್ನ ಎದೆ ಉಬ್ಬಿತು. ಯಾವ ಮೇಷ್ಟ್ರೂ, ಯಾವ ಲ್ಯಾಪ್‌ಟಾಪೂ ಕೊಡದ ಪವರ್ರು ಅಂಗಾಲಿನಿಂದ ನೆತ್ತಿಗೇರಿತು. ಅತ್ತೆಯ ಕಾಲಿಗೆ ಬಿದ್ದುಬಿಡೋಣ ಅನ್ನಿಸಿತು, ಹೊಸ ಮಂಡಿ ನೋಡಿ ಸುಮ್ಮನಾದೆ.

"ಅಳಿಯಂದ್ರೇ, ಸ್ವಲ್ಪ ಹತ್ರ ಬನ್ನಿ," ಎಂದು ಅತ್ತೆ ಧ್ವನಿ ತಗ್ಗಿಸಿದರು. ಬಗ್ಗಿದೆ.

"ಆವತ್ತೂ ನನ್ನ ಇದೇ ಹಾಸಿಗೇಲಿ ಮಲಗ್ಸಿದ್ರು. ಹೊಟ್ಟೆ ಖಾಲಿ, ನಿದ್ದೆ ಇಲ್ಲ. ಹೊತ್ತು ಹೋಗ್ಲಿ ಅಂತ ಕಿಟಕೀಲಿ ನೋಡ್ತಾ ಇದ್ದೆ. ಇಲ್ಲಿಂದ ಏರೆಲ್ಲ ಕಾಣುತ್ತೆ. ನಿಮ್ಮ ಲಾಂಡ್ರಿ ಅಂಗಳಾನೂ ಕಾಣುತ್ತೆ."

ಟ್ರಾಲಿಯ ಮೇಲಿನ ಹಾಸನ್ನು ಬಿಚ್ಚಿ ಮತ್ತೆ ಮಡಿಸತೊಡಗಿದೆ.

"ಯಾವುದೋ ಪುಟ್ಟ ಕಾರು, ಬೆಂಕಿ ಬಿದ್ದ ಮನೆ ಹಾಗೆ ಹೊಗೆ ಕಾರ್ಕೊಂಡು ಬಂತು. ಗೇಟೊಳಗೆ ನುಗ್ತು. ಬೆಳ್ಳನೆ ಬಟ್ಟೆ ಕಡೆಗೇ ಬಾಲ ತಿರುಗಿಸಿ ನಿಂತ್ಕೊಂಡು, ಬುಸ್ಸ್ ಬುಸ್ಸ್ ಅಂತ ಇನ್ನೂ ಜೋರಾಗಿ ಬಿಡ್ತು. ಅವತ್ತು ಪಕ್ಕದಲ್ಲಿದ್ದೋರಿಗೂ ತೋರಿಸ್ದೆ. 'ಅಯ್ಯೋ ನೋಡ್ರೀ ಆ ಗೂಬೇನ! ಯಾವ ಪುಣ್ಯಾತಗಿತ್ತಿ ಇವನಿಗೆ ಮಗಳನ್ನ ಕೊಟ್ಟಳೋ!' ಅಂದೆ. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ವಿ."

ಅತ್ತೆ ದಿಂಬು ಸರಿಮಾಡಿಕೊಂಡು, ಕಿಟಕಿಯ ಕಡೆಗೊಮ್ಮೆ ನೋಡಿ, ಉದ್ದಕ್ಕೆ ಉಸಿರು ಬಿಟ್ಟರು.

"ಆಮೇಲೆ ಹೊಗೆ ತಿಳಿಯಾಯ್ತು. ನೀವು ಇಳಿದ್ರಿ."